ಚಕ್ರ ಕೂತಿತೆಂದು ಫೋರ್ಕ್ ಕೊಳ್ಳಬೇಡಿ

ನಾಲ್ಕು ತಿಂಗಳ ಹಿಂದೆ ಕುಂಬಳೆಯ ಬಳಿ, ಹೆದ್ದಾರಿ 66ರ ಸರ್ವಿಸ್ ರಸ್ತೆಯಲ್ಲಿ, ಚರಂಡಿಯ ಚಪ್ಪಡಿ ಸರಿದಿದ್ದ ಸಂದಿಗೆ ನನ್ನ ಸೈಕಲ್ಲಿನ ಮುಂಚಕ್ರ ಇಳಿಯಿತು. ನನಗೆ ಏನೂ ಆಗಲಿಲ್ಲ. ಮುಂಚಕ್ರವನ್ನು ಹಿಡಿದಿರುವ ಕವಲು, ಅಂದರೆ ಫೋರ್ಕಿನ, ಎರಡೂ ಕಾಲುಗಳು ಹಿಂದಕ್ಕೆ ಬಾಗಿದವು. ನನ್ನ ಎಡಗೈಯ ಮಣಿಕಟ್ಟು ಮುರಿದದ್ದು ಆ ದಿನವಲ್ಲ. ಹೊಸ ಫೋರ್ಕ್ ಹಾಕಿಸಿ ಇಪ್ಪತ್ತು ದಿನ ಕಳೆದ ಮೇಲೆ. ನಮ್ಮ ಕಡೆ ನನ್ನದರಂಥ ಫಿಕ್ಸೆಡ್ ಗೇರ್ ಸೈಕಲ್ ಇಟ್ಟುಕೊಂಡ ಹುಡುಗರು ಈಗೀಗ ಹೆಚ್ಚುತ್ತಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಈ ನೋವು ತಪ್ಪಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನದು ಫಿಕ್ಸೆಡ್ ಗೇರ್ ಸೈಕಲ್. ಹಿಂಚಕ್ರದಲ್ಲಿ ಫ್ರೀವೀಲ್ ಇಲ್ಲ. ಚಕ್ರ ಉರುಳುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ಹಳೆಯ ಉಕ್ಕಿನ ಫ್ರೇಮ್. ಫ್ರೇಮಿನೊಳಗೆ ಹೋಗುವ ಫೋರ್ಕಿನ ಕೊಳವೆ ಒಂದು ಇಂಚು ದಪ್ಪ, ಅದರ ತುದಿಗೆ ಥ್ರೆಡ್, ಅಂದರೆ ತಿರುಪಿನ ಗೆರೆ. ಸೀತಾಂಗೋಳಿಯಿಂದ ಕುಂಬಳೆಯ ಶಾಲೆಗೆ ಅದರಲ್ಲೇ ಹೋಗಿಬರುತ್ತಿದ್ದೆ. ಇದಕ್ಕೆ ಬೇಕಾದ ಫೋರ್ಕ್ ಇಲ್ಲಿನ ಅಂಗಡಿಗಳಲ್ಲಿ ಸಿಗಲಿಲ್ಲ. ಹಾಗಾಗಿ ಮೊಬೈಲಿನಲ್ಲಿ ಹುಡುಕಿ 3,200 ರೂಪಾಯಿಗೆ ಒಂದನ್ನು ತರಿಸಿದೆ. ‘700ಸಿ ಚಕ್ರದ ಎಲ್ಲ ಫಿಕ್ಸೆಡ್ ಗೇರ್ ಸೈಕಲ್‌ಗಳಿಗೂ ಹೊಂದುತ್ತದೆ’ ಎಂದು ಬರೆದಿತ್ತು. ನಾನು ಕೇಳಿದ್ದು ಒಂದೇ ಪ್ರಶ್ನೆ: ಚಕ್ರ ಕೂರುತ್ತದೆಯೇ? ಕೂರುತ್ತದೆ ಎಂದರು. ನಿಜವಾಗಿಯೂ ಕೂತಿತು. ಆದರೆ 700ಸಿ ಎಂಬುದು ಚಕ್ರದ ಅಳತೆ ಮಾತ್ರ. ಫೋರ್ಕಿಗೂ ಫ್ರೇಮಿಗೂ ಇರುವ ಸಂಬಂಧದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮೊದಲ ಎಡವಟ್ಟು ಮೇಲ್ತುದಿಯಲ್ಲಿ. ಬಂದ ಫೋರ್ಕಿನ ಕೊಳವೆ ನನ್ನ ಫ್ರೇಮಿಗೆ ಬೇಕಾದುದಕ್ಕಿಂತ ಮೂರು ಸೆಂಟಿಮೀಟರ್ ಉದ್ದವಿತ್ತು, ಥ್ರೆಡ್ ಇದ್ದದ್ದು ತುದಿಯ ಮೂರೂವರೆ ಸೆಂಟಿಮೀಟರ್ ಮಾತ್ರ. ಕತ್ತರಿಸಿದರೆ ಥ್ರೆಡ್ಡೇ ಹೋಗುತ್ತದೆ. ‘ಮಾಷ್ಟ್ರೇ, ನೀವು ಯೋಚನೆ ಮಾಡಬೇಡಿ, ನಾನು ಕೂರಿಸಿ ಕೊಡುತ್ತೇನೆ’ ಎಂದರು ಪೇಟೆಯ ಮೆಕ್ಯಾನಿಕ್. ಕೊಳವೆಯನ್ನು ಕತ್ತರಿಸಿ, ಕೈಯಲ್ಲೇ ಡೈ ತಿರುಗಿಸಿ ಹೊಸ ಥ್ರೆಡ್ ಕೊರೆದರು. ಅದು ಕೊಂಚ ಓರೆಯಾಯಿತು, ಲಾಕ್ ನಟ್ ಒಂದು ಬದಿಗೆ ವಾಲಿ ನಿಂತಿತು. ಇನ್ನೂ ಕೆಟ್ಟದ್ದು ಕಣ್ಣಿಗೆ ಕಾಣದ್ದು. ಹ್ಯಾಂಡಲನ್ನು ಹೊರುವ ದಂಡ, ಅಂದರೆ ಸ್ಟೆಮ್, ಕೊಳವೆಯೊಳಗೆ ಹಿಗ್ಗಿ ಬಿಗಿಯಾಗುವ ಜಾಗ ಥ್ರೆಡ್ಡಿಗಿಂತ ಕೆಳಗೆ ಇರಬೇಕು. ಥ್ರೆಡ್ ಕೊರೆದಲ್ಲಿ ಲೋಹ ತೆಳುವಾಗಿರುತ್ತದೆ. ಅಲ್ಲೇ ಒಳಗಿನಿಂದ ಒತ್ತಡ ಬಿದ್ದರೆ ಸೀಳುವ ಭಯ. ನನ್ನದರಲ್ಲಿ ಸ್ಟೆಮ್ ಒತ್ತುತ್ತಿದ್ದದ್ದು ಸರಿಯಾಗಿ ಹೊಸ ಥ್ರೆಡ್ಡಿನ ಮೇಲೆ. ಹ್ಯಾಂಡಲ್ ಕೈಗೆ ಕಿತ್ತು ಬರದೇ ಇದ್ದದ್ದು ನನ್ನ ಪುಣ್ಯ.

ಆಮೇಲೆ ಕೆಳಗಿನ ರೇಸ್, ಅಂದರೆ ಫೋರ್ಕಿನ ಭುಜದ ಮೇಲೆ ಬಿಗಿಯಾಗಿ ಕೂತು ಬಾಲ್‌ಗಳನ್ನು ಹೊರುವ ಉಂಗುರ. ಒಂದು ಇಂಚಿನ ಫೋರ್ಕುಗಳಲ್ಲಿ ಇದು ಕೂರುವ ಜಾಗ ಸಾಮಾನ್ಯವಾಗಿ ಎರಡು ಅಳತೆಯಲ್ಲಿ ಬರುತ್ತದೆ: 26.4 ಮಿ.ಮೀ. ಮತ್ತು ಜಪಾನೀ ಮಾನದ 27.0 ಮಿ.ಮೀ. ನನ್ನ ಹಳೆಯ ರೇಸ್ 27.0, ಹೊಸ ಫೋರ್ಕ್ 26.4. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ವ್ಯತ್ಯಾಸ, ಕಣ್ಣಿಗೆ ಗೊತ್ತಾಗುವುದಿಲ್ಲ. ಮೆಕ್ಯಾನಿಕ್ ಸುತ್ತಲೂ ಪಂಚಿನಿಂದ ಚುಕ್ಕಿ ಹೊಡೆದು, ಎದ್ದ ಲೋಹದ ಮೇಲೆ ರೇಸನ್ನು ಬಡಿದು ಕೂರಿಸಿದರು. ಒಂದು ವಾರದಲ್ಲಿ ಪ್ರತಿ ಹೊಂಡಕ್ಕೂ ಟಕ್ ಟಕ್ ಎನ್ನತೊಡಗಿತು. ಮುಂಚಕ್ರವನ್ನು ಗೋಡೆಗೆ ಒತ್ತಿ ಹಿಂದೆ ಮುಂದೆ ಅಲುಗಿಸಿದರೆ ಆಟ ಬೆರಳಿಗೆ ತಿಳಿಯುತ್ತಿತ್ತು. ಆ ಮನುಷ್ಯ ನನಗೆ ಕೆಡುಕು ಬಯಸಿದವರಲ್ಲ. ನಾನು ತಂದುಕೊಟ್ಟ ತಪ್ಪು ವಸ್ತುವನ್ನು ತಮಗೆ ತಿಳಿದಂತೆ ಹೊಂದಿಸಿದರು. ಹೊಂದಿಸಲೇಬಾರದಿತ್ತು ಎಂದು ನನಗೆ ಈಗ ಅನಿಸುತ್ತದೆ.

ಅದು ಟ್ರ್ಯಾಕ್ ಓಟದ ಮಾದರಿಯ ಫೋರ್ಕ್. ಬ್ರೇಕ್ ಸಿಕ್ಕಿಸಲು ತೂತೇ ಇರಲಿಲ್ಲ. ಇದ್ದೊಂದು ಮುಂದಿನ ಬ್ರೇಕನ್ನು ಬಿಚ್ಚಿಟ್ಟು, ಕಾಲಿನಿಂದ ಪೆಡಲ್ ತಡೆದರೆ ಸಾಕೆಂದು ಹೊರಟೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯಲೇಬೇಕು. ನನ್ನ ಸೈಕಲ್ಲಿಗೆ ಮುಂದೆ 46 ಹಲ್ಲು, ಹಿಂದೆ 16. ಗಂಟೆಗೆ 40 ಕಿ.ಮೀ. ವೇಗದಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು 110 ಸುತ್ತು ತಿರುಗುತ್ತಿರುತ್ತದೆ. ಸೀತಾಂಗೋಳಿಯಿಂದ ಕುಂಬಳೆಗೆ ಇಳಿಯುವಾಗ, ಮಳೆಯಲ್ಲಿ, ಅಷ್ಟು ವೇಗವಾಗಿ ತಿರುಗುತ್ತಿರುವ ಪೆಡಲನ್ನು ಕಾಲಿನಿಂದ ತಡೆದು ನೋಡಿ, ತಿಳಿಯುತ್ತದೆ, ಬೇಡ, ನೋಡಲೇಬೇಡಿ. ಬ್ರೇಕಿಗೆ ತೂತಿಲ್ಲದ ಫೋರ್ಕ್ ರಸ್ತೆಗೆ ಬೇಡವೇ ಬೇಡ.

ಕೊನೆಗೆ ಬೀಳಿಸಿದ್ದು ಮಾತ್ರ ಇಳಿಜಾರಲ್ಲ. ಫೋರ್ಕಿನ ಕೊಳವೆಯ ಗೆರೆಯಿಂದ ಚಕ್ರದ ಅಚ್ಚು ಎಷ್ಟು ಮುಂದಿದೆ ಎಂಬುದೊಂದು ಅಳತೆ, ಆಫ್‌ಸೆಟ್ ಎನ್ನುತ್ತಾರೆ. ರಸ್ತೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ 43-45 ಮಿ.ಮೀ. ನನ್ನ ಹಳೆಯದೂ ಅಂಥದ್ದೇ ಇದ್ದಿರಬೇಕು, ಹೊಸದರಲ್ಲಿ 28. ಎಂದರೆ ಮುಂಚಕ್ರ ನನ್ನ ಪಾದದ ಕಡೆಗೆ ಸುಮಾರು ಒಂದೂವರೆ ಸೆಂಟಿಮೀಟರ್ ಹಿಂದೆ ಬಂದಿತ್ತು. ಹ್ಯಾಂಡಲ್ ಹಿಂದಿಗಿಂತ ಭಾರವಾದಂತೆ ಅನಿಸಿದ್ದೂ ಇದರಿಂದಲೇ. ಅದನ್ನು ನಾನು ಹೊಸತಿನ ಬಿಗಿ ಎಂದುಕೊಂಡಿದ್ದೆ.

ಆ ಸಂಜೆ ಕುಂಬಳೆ ಪೇಟೆಯಲ್ಲಿ, ನಡೆಯುವಷ್ಟೇ ನಿಧಾನವಾಗಿ, ಎಡಕ್ಕೆ ಒಂದು ಓಣಿಗೆ ತಿರುಗಿದೆ. ಹ್ಯಾಂಡಲ್ ಎಡಕ್ಕೆ ಹೋದಾಗ ಚಕ್ರದ ಹಿಂಬದಿ ಬಲಕ್ಕೆ ಬರುತ್ತದೆ; ಅದೇ ಕ್ಷಣ ಬಲಗಾಲು ಮುಂದೆ ಬಂತು. ಬೇರೆ ಸೈಕಲ್ಲಿನಲ್ಲಾದರೆ ಪೆಡಲ್ ನಿಲ್ಲಿಸಿ ಆ ಕಾಲನ್ನು ಹಿಂದೆಯೇ ಇಟ್ಟುಕೊಳ್ಳಬಹುದು. ಇದರಲ್ಲಿ ಪೆಡಲ್ ನಿಲ್ಲುವುದಿಲ್ಲ. ಬೂಟಿನ ತುದಿ ಟೈರಿಗೆ ಸಿಕ್ಕಿತು, ಹ್ಯಾಂಡಲ್ ನೇರವಾಗಲು ಬಿಡಲಿಲ್ಲ. ನಾನು ಎಡಗೈ ಊರಿ ಬಿದ್ದೆ. ಹಿಂದಿದ್ದ ಬಸ್ಸಿನ ಚಾಲಕರು ಬ್ರೇಕ್ ಹಾಕಿದ್ದರಿಂದ ಬದುಕಿದೆ. ಆರು ವಾರ ಪ್ಲಾಸ್ಟರ್.

ಫೋರ್ಕನ್ನು ಮರಳಿಸಲು ಕೇಳಿದೆ. ಕತ್ತರಿಸಿದ ಮಾಲನ್ನು ತೆಗೆದುಕೊಳ್ಳುವುದಿಲ್ಲ ಎಂದರು. ಆ ಮಾತು ಸರಿಯೇ. ಆದ್ದರಿಂದ ಗರಗಸ ಮುಟ್ಟಿಸುವ ಮೊದಲೇ ಎಲ್ಲವನ್ನೂ ಅಳೆಯಿರಿ. ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಅರ್ಧ ಗಂಟೆಯ ಕೆಲಸ. ಕೊಳವೆ 25.4 ಮಿ.ಮೀ. ದಪ್ಪದ್ದೇ, 28.6ರದ್ದೇ? ಥ್ರೆಡ್ ಇದೆಯೇ, ಇಲ್ಲವೇ? ದಪ್ಪ ಕೊಳವೆ ಸಣ್ಣ ಫ್ರೇಮಿಗೆ ಯಾವ ಉಪಾಯದಿಂದಲೂ ಹೋಗದು. ರೇಸ್ ಕೂರುವ ಜಾಗವನ್ನೂ ಅಳೆಯಿರಿ; ಕೊಳವೆ ಸರಿಯಿದ್ದ ಮಾತ್ರಕ್ಕೆ ಅದು ಸರಿಯಿರಬೇಕೆಂದಿಲ್ಲ. ಅಲ್ಲಿಂದ ಅಚ್ಚಿನವರೆಗಿನ ನೇರ ಉದ್ದವೂ ಹಳೆಯದಕ್ಕೆ ಹತ್ತಿರವಿರಲಿ. ರಸ್ತೆಯ ಫೋರ್ಕಿನಲ್ಲಿ ಅದು ಸುಮಾರು 370 ಮಿ.ಮೀ., ಮಣ್ಣಿನ ಹಾದಿಯ ಸೈಕ್ಲೋಕ್ರಾಸ್ ಫೋರ್ಕಿನಲ್ಲಿ 395ರ ಆಸುಪಾಸು. 20 ಮಿ.ಮೀ. ಹೆಚ್ಚಾದರೆ ಫ್ರೇಮಿನ ಮುಂಭಾಗ ಮೇಲೆದ್ದು ಫೋರ್ಕ್ ವಾಲಿರುವ ಕೋನ ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ಆಫ್‌ಸೆಟ್ಟನ್ನು ಮಾರುವವರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಹೇಳಲು ಬಾರದವರಿಂದ ಕೊಳ್ಳಬೇಡಿ.

ಬಾಗಿದ ಹಳೆಯ ಫೋರ್ಕನ್ನು ಎಸೆಯಬೇಡಿ. ಕಾಲು ಬಾಗಿದ್ದರೂ ಕೊಳವೆಯ ಉದ್ದ, ಥ್ರೆಡ್, ರೇಸಿನ ಜಾಗ ಎಲ್ಲವೂ ಅದರಲ್ಲಿ ಹಾಗೆಯೇ ಉಳಿದಿರುತ್ತವೆ. ನಾನು ಅಳೆಯದೆಯೇ ಗುಜರಿಗೆ ಕೊಟ್ಟಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಫ್ರೇಮನ್ನೂ ಹಳೆಯ ರೇಸನ್ನೂ ಅಳೆದು, ಚೀಟಿಯಲ್ಲಿ ಬರೆದುಕೊಂಡು ಮಂಗಳೂರಿಗೆ ಹೋದೆ. ಅಲ್ಲಿ ಬಿಚ್ಚಿಟ್ಟಿದ್ದ ಹಳೆಯ ಸೈಕಲ್ಲೊಂದರ ಫೋರ್ಕ್ ಸಿಕ್ಕಿತು: ರೇಸಿನ ಜಾಗ 27.0, ಆಫ್‌ಸೆಟ್ 45, ಬ್ರೇಕಿಗೆ ತೂತು. ಏನನ್ನೂ ಕತ್ತರಿಸದೆ ಕೂತಿತು. ಮುಂದಿನ ಬ್ರೇಕ್ ಮತ್ತೆ ಅದರ ಜಾಗಕ್ಕೆ ಬಂದಿದೆ, ಪೆಡಲ್ ಮುಂದಿಟ್ಟು ಹ್ಯಾಂಡಲ್ ತಿರುಗಿಸಿದರೆ ಬೂಟಿಗೂ ಟೈರಿಗೂ ನಡುವೆ ಒಂದು ಬೆರಳು ಹೋಗುತ್ತದೆ.