ಕಾರವಾರದ ಕಡಲತೀರದ ಸಂಜೆಯಂಗಡಿಗಳು: ಹೊರಊರಿನಿಂದ ಬಂದವನ ವಿಮರ್ಶೆ

ಕೆಲಸದ ನಿಮಿತ್ತ ಕಾರವಾರಕ್ಕೆ ಬಂದು ನೆಲೆಸುವವರಿಗೆ ಬಾಡಿಗೆ ಮನೆ, ಗ್ಯಾಸ್, ಇಂಟರ್‌ನೆಟ್ ಬೇಗ ಸಿಗುತ್ತವೆ. ತಡವಾಗಿ ಸಿಗುವುದು ಸಂಜೆ ಜೊತೆಗೆ ಕೂತು ಮಾತನಾಡುವ ಜನ. ಕೈಗಾ ಅಣುಸ್ಥಾವರ, ನೌಕಾನೆಲೆ, ಬ್ಯಾಂಕು ಮತ್ತು ಜಿಲ್ಲಾ ಕಚೇರಿಗಳಿಗೆ ವರ್ಗವಾಗಿ ಬರುವವರಿಂದಾಗಿ ಇಲ್ಲಿ ಪರಊರಿನವರಿಗೇನೂ ಕೊರತೆಯಿಲ್ಲ. ಆದರೆ ಕೈಗಾದವರ ಸಂಜೆ ಮಲ್ಲಾಪುರದ ವಸತಿ ಕಾಲೊನಿಯಲ್ಲಿ, ನೌಕಾನೆಲೆಯವರದು ತಮ್ಮ ಆವರಣದೊಳಗೆ ಕಳೆದುಹೋಗುವುದರಿಂದ, ಪೇಟೆಯಲ್ಲಿ ಮನೆ ಹಿಡಿದ ನನ್ನಂಥವರು ಯಾವ ಗುಂಪಿಗೂ ಸೇರದೆ ಉಳಿಯುತ್ತೇವೆ. ರವೀಂದ್ರನಾಥ ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯ ಆಸುಪಾಸಿನಲ್ಲಿ ಸಂಜೆ ತೆರೆಯುವ ತಿಂಡಿ ಅಂಗಡಿಗಳು ಈ ಕೊರತೆಯನ್ನು ಎಷ್ಟರಮಟ್ಟಿಗೆ ತುಂಬುತ್ತವೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ತಿಂಡಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಭೇಲ್, ಪಾವ್ ಭಾಜಿ, ಗೋಬಿ ಮಂಚೂರಿ, ಮೆಣಸಿನಕಾಯಿ ಭಜಿ ಎಲ್ಲ ಕಡೆಯಂತೆಯೇ ಇವೆ. ಗೋಬಿಯನ್ನು ಅದರ ಬಣ್ಣ ನೋಡಿಯೇ ಬಿಟ್ಟಿದ್ದೇನೆ. ಬಿಸಿ ಭಜಿ ಮತ್ತು ಚಾ ಚೆನ್ನಾಗಿರುತ್ತವೆ, ಎರಡೂ ಸೇರಿ 50 ರೂಪಾಯಿಯೊಳಗೆ ಮುಗಿಯುತ್ತದೆ. ಬಂಗಡೆ ಫ್ರೈ, ಸೋಲ್ ಕಡಿ ಬೇಕೆನ್ನುವವರು ಹೆದ್ದಾರಿ ದಾಟಿ ಪೇಟೆಯ ಖಾನಾವಳಿಗೆ ಹೋಗುವುದೇ ಸರಿ.

ಇಲ್ಲಿ ಕೊಟ್ಟ ಹಣಕ್ಕೆ ನಿಜವಾಗಿ ಸಿಗುವುದು ಕುರ್ಚಿ ಮತ್ತು ಪಡುವಣದ ನೋಟ. ಬೆಂಗಳೂರಿಗಿಂತ ಕಾರವಾರದಲ್ಲಿ ಸೂರ್ಯ ಸುಮಾರು ಕಾಲು ಗಂಟೆ ತಡವಾಗಿ ಮುಳುಗುವುದರಿಂದ ಕಚೇರಿ ಮುಗಿಸಿ ಹೊರಟವರಿಗೂ ನೋಟ ತಪ್ಪುವುದಿಲ್ಲ ಎಂದುಕೊಳ್ಳಬಹುದು, ಆದರೆ ನವೆಂಬರ್ ಕೊನೆಯಲ್ಲಿ 6 ಗಂಟೆಯ ಸುಮಾರಿಗೇ ಎಲ್ಲ ಮುಗಿದಿರುತ್ತದೆ. ಆ ದಿನಗಳಲ್ಲಿ ಸೂರ್ಯ ದಕ್ಷಿಣದ ಬೈತಖೋಲ ಬಂದರಿನ ಕಡೆಗೆ ವಾಲಿರುತ್ತಾನೆ. ಮಾರ್ಚ್ ಹೊತ್ತಿಗೆ ನೇರ ಎದುರಿಗೆ, ಕೂರ್ಮಗಡ ಮತ್ತು ದೇವಗಡ ದ್ವೀಪಗಳಿರುವ ಕಡೆಗೆ ಬರುತ್ತಾನೆ. ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಹೆಚ್ಚು ಸಿಕ್ಕರೂ ದಿಗಂತದ ಮಬ್ಬಿನಲ್ಲಿ ಬಿಂಬ ನೀರನ್ನು ಮುಟ್ಟುವ ಮೊದಲೇ ಕರಗಿಹೋಗುವುದುಂಟು. ನನ್ನ ಮಟ್ಟಿಗೆ ಮಳೆ ಹಿಂದೆ ಸರಿದ ಅಕ್ಟೋಬರ್ ಕೊನೆಯ ವಾರಗಳೇ ಮೇಲು.

ಬಿಂಬದ ಕೆಳ ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಅಷ್ಟು ಹೊತ್ತು ಯಾರೂ ಏನನ್ನೂ ಕೇಳುವುದಿಲ್ಲ ಎಂಬುದು ನಾನು ಖಾಯಂ ಕೂರುವ ಅಂಗಡಿಯ ಅಕ್ಕನಿಗೆ ಚೆನ್ನಾಗಿ ಗೊತ್ತು. ಬಾಣಲೆಯ ಕೆಳಗಿನ ಉರಿ ತಗ್ಗಿಸಿ, ಹಿಟ್ಟಿನ ಕೈಯನ್ನು ಬಟ್ಟೆಗೆ ಒರೆಸಿ, ಕಡಲಿಗೆ ಬೆನ್ನು ಹಾಕಿ ಚಿಲ್ಲರೆ ಎಣಿಸಲು ಕೂರುತ್ತಾರೆ. ಸೂರ್ಯ ಮರೆಯಾದ ಮರುಕ್ಷಣ ಎಲ್ಲರೂ ಒಮ್ಮೆಗೇ ಚಾ ಕೇಳುತ್ತಾರೆ, ಉರಿ ಮತ್ತೆ ಏಳುತ್ತದೆ.

ಪರಿಚಯ ಬೆಳೆಯುವುದು ಆ ಎರಡನೆಯ ಚಾ ಕಾಯುವ ಹೊತ್ತಿನಲ್ಲಿ. ಗಿರಾಕಿಗಳಿಗಿಂತ ಮೇಜುಗಳು ಕಡಿಮೆ ಇರುವುದರಿಂದ ಅಕ್ಕ ಹೊಸಬರನ್ನು ‘ಕೂತ್ಕಳಿ ಸರ್, ಅಲ್ಲೇ ಜಾಗ ಅದೆ’ ಎಂದು ಬೇರೆಯವರ ಮೇಜಿಗೇ ಕಳಿಸುತ್ತಾರೆ, ಮತ್ತು ಎದುರು ಕೂತವರು ಯಾವ ಊರು, ಯಾವ ಇಲಾಖೆ, ಮನೆ ಬಾಡಿಗೆ ಎಷ್ಟು ಎಂದು ಸಂಕೋಚವಿಲ್ಲದೆ ವಿಚಾರಿಸುತ್ತಾರೆ. ಮೊದಮೊದಲು ಇದು ಕಿರಿಕಿರಿಯೆನಿಸಿದರೂ, ನೀರು ಬಾರದ ದಿನ ಯಾರಿಗೆ ಫೋನ್ ಮಾಡಬೇಕು, ಒಳ್ಳೆಯ ತಿಸ್ರೆ (ಚಿಪ್ಪುಮೀನು) ಸಂತೆಯಲ್ಲಿ ಯಾವ ಹೊತ್ತಿಗೆ ಬರುತ್ತದೆ ಎಂಬುದೆಲ್ಲ ನನಗೆ ತಿಳಿದದ್ದು ಈ ವಿಚಾರಣೆಯಿಂದಲೇ. ಊರಿನವರು ತಮ್ಮೊಳಗೆ ಕೊಂಕಣಿಯಲ್ಲಿ ಮಾತನಾಡಿಕೊಳ್ಳುತ್ತಿದ್ದರೂ ಹೊಸಬರು ಕೂತೊಡನೆ ಕನ್ನಡಕ್ಕೆ ಹೊರಳುತ್ತಾರೆ. ಧಾರವಾಡದ ಕಡೆಯ ಶಿಕ್ಷಕರೊಬ್ಬರು ಮತ್ತು ನಿವೃತ್ತ ಬಂದರು ನೌಕರರೊಬ್ಬರು ಈಗ ನನ್ನ ಮನೆಗೆ ಬಂದುಹೋಗುವಷ್ಟು ಹತ್ತಿರದವರಾಗಿದ್ದಾರೆ. ಆ ಹತ್ತಿರಕ್ಕೆ ಕಚೇರಿಯ ಸಹೋದ್ಯೋಗಿಗಳು ಇನ್ನೂ ಬಂದಿಲ್ಲ.

ಕೊರತೆಗಳೂ ಸಣ್ಣವಲ್ಲ. ಒಂದು ಅಂಗಡಿಯವರು ಹಚ್ಚುವ ಧ್ವನಿವರ್ಧಕದ ಹಾವಳಿಗೆ ಪಕ್ಕದ ನಾಲ್ಕು ಮೇಜುಗಳ ಮಾತು ನಿಂತುಹೋಗುತ್ತದೆ. ಕಸದ ಡಬ್ಬಿಗಳು ರವಿವಾರ ಕತ್ತಲಾಗುವ ಮೊದಲೇ ತುಂಬಿ, ಕಾಗದದ ತಟ್ಟೆಗಳು ಗಾಳಿಗೆ ನೀರಿನ ಕಡೆ ಹಾರುತ್ತವೆ. ಕತ್ತಲಾದ ಮೇಲೆ ಬೆಳಕು ಅಂಗಡಿಗಳ ಮುಂದಷ್ಟೇ ಇರುವುದರಿಂದ, ಒಬ್ಬರೇ ಬರುವ ಹೆಣ್ಣುಮಕ್ಕಳು ಬೇಗ ಎದ್ದುಹೋಗುವುದನ್ನು ಗಮನಿಸಿದ್ದೇನೆ. ನಾನು ಮೇಲೆ ಹೊಗಳಿದ ಪರಿಚಯಗಳೆಲ್ಲ ಗಂಡಸರವೇ ಆಗಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಎಲ್ಲಕ್ಕಿಂತ ದೊಡ್ಡ ತೊಡಕು ಮಳೆಗಾಲದ್ದು. ವರ್ಗಾವಣೆಯ ಆದೇಶಗಳು ಸಾಮಾನ್ಯವಾಗಿ ಮೇ, ಜೂನ್ ತಿಂಗಳಲ್ಲೇ ಬರುತ್ತವೆ. ಹೊಸಬರು ಬಂದಿಳಿಯುವ ಹೊತ್ತಿಗೆ ಸೂರ್ಯ ಮೋಡದೊಳಗೆ, ಅಂಗಡಿಗಳು ತಾಡಪಾಲಿನೊಳಗೆ ಇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುವುದರಿಂದ ಬಂದರಿನ ಕಡೆಯ ಗದ್ದಲವೂ ಇರುವುದಿಲ್ಲ. ಹಾಗೆ ಬಂದವರು ಅಷ್ಟಕ್ಕೇ ಊರು ಒಣ ಎಂದು ತೀರ್ಮಾನಿಸದೆ, ಚೌತಿ ಕಳೆಯುವವರೆಗೆ ಪೇಟೆಯ ಯಾವುದಾದರೂ ಒಂದೇ ಖಾನಾವಳಿಗೆ ಒಂದೇ ಹೊತ್ತಿಗೆ ಹೋಗುವ ರೂಢಿ ಮಾಡಿಕೊಳ್ಳಲಿ. ಕಡಲತೀರದ ಅಂಗಡಿಗಳ ಗಿರಾಕಿಗಳಲ್ಲಿ ಕೆಲವರಾದರೂ ಮಳೆಗಾಲದಲ್ಲಿ ಅಲ್ಲಿಯೇ ಸಿಗುತ್ತಾರೆ.