ಟ್ರ್ಯಾಕ್ಟರಿನ ಸಸ್ಪೆನ್ಷನ್ ಸೀಟು: ಮೆತ್ತೆಗಿಂತ ತೂಕದ ತಿರುಪು ಮುಖ್ಯ

ರಾಣೆಬೆನ್ನೂರು ಕಡೆಯ ನಮ್ಮ ಎರೆ ಹೊಲದಲ್ಲಿ ಪಲ್ಟಿ ನೇಗಿಲು ಹೊಡೆದ ಮೇಲೆ ಏಳುವ ಹೆಂಟೆಗಳ ಮೇಲೆ ಅವನ್ನು ಪುಡಿಮಾಡುವ ರೋಟಾವೇಟರ್ ಓಡಿಸುವವರ ಸೊಂಟಕ್ಕೇ ಗೊತ್ತು ಅದರ ಕಷ್ಟ. ನಮ್ಮ ಹಳೆಯ 45 ಎಚ್‌ಪಿ ಟ್ರ್ಯಾಕ್ಟರಿನ ಮೂಲ ಸೀಟು ತೆಗೆಸಿ, ಕತ್ತರಿಯಂತೆ ಮಡಚಿ ಏರಿಳಿಯುವ ಚೌಕಟ್ಟು, ಸ್ಪ್ರಿಂಗ್ ಮತ್ತು ಅದರ ಪುಟಿತ ತಗ್ಗಿಸುವ ಡ್ಯಾಂಪರ್ ಇರುವ ಸಸ್ಪೆನ್ಷನ್ ಸೀಟು ಹಾಕಿಸಿ ಹಲವು ಹಂಗಾಮುಗಳಾಗಿವೆ. ಹಿಂದಿನ ಚಕ್ರದ ಒಂದು ಹೊಸ ಟೈರಿನ ಬೆಲೆಗಿಂತ ಕಡಿಮೆ ಹಣ ಹಿಡಿಯಿತು. ಸಂಜೆ ಇಳಿದಾಗ ಸೊಂಟ ಹಿಡಿದುಕೊಂಡು ನಿಲ್ಲುವುದು ತಪ್ಪಿದೆ.

ನಮ್ಮಲ್ಲಿನ ಸಾಮಾನ್ಯ ಟ್ರ್ಯಾಕ್ಟರುಗಳ ಹಿಂದಿನ ಆಕ್ಸಲ್‌ಗೆ ಸ್ಪ್ರಿಂಗ್ ಇರುವುದಿಲ್ಲ. ಟೈರಿನೊಳಗಿನ ಗಾಳಿಯನ್ನು ಹೊರತುಪಡಿಸಿದರೆ ಹೊಲಕ್ಕೂ ಬೆನ್ನಿಗೂ ನಡುವೆ ಇರುವುದು ಸೀಟು ಮಾತ್ರ. ಕುಳಿತ ಮನುಷ್ಯನ ಬೆನ್ನುಮೂಳೆ ಸೆಕೆಂಡಿಗೆ 4ರಿಂದ 6 ಸಲದ ಕುಲುಕಾಟಕ್ಕೆ ಅತಿ ಹೆಚ್ಚು ಅದುರುತ್ತದೆ; ಟ್ರ್ಯಾಕ್ಟರಿನ ಕುಲುಕಾಟವೂ ಅದರ ಆಸುಪಾಸಿನಲ್ಲೇ ಇರುತ್ತದೆ. ಯುರೋಪ್ ಒಕ್ಕೂಟದ 2002ರ ನಿರ್ದೇಶನದ ಪ್ರಕಾರ 8 ಗಂಟೆಗಳ ಕೆಲಸದಲ್ಲಿ ದೇಹಕ್ಕೆ ತಗಲುವ ಕಂಪನದ ತೀವ್ರತೆ (ವೇಗೋತ್ಕರ್ಷದ ಅಳತೆಯಲ್ಲಿ) 0.5 ಮೀ/ಸೆ² ದಾಟಿದರೆ ಮಾಲೀಕರು ಕ್ರಮ ಕೈಗೊಳ್ಳಬೇಕು, 1.15 ಮೀರುವಂತೆಯೇ ಇಲ್ಲ. ಇಲ್ಲಿ ಬಾಡಿಗೆ ಉಳುಮೆಗೆ ಹೋಗುವ ಚಾಲಕ ನಸುಕಿನಿಂದ ರಾತ್ರಿಯವರೆಗೂ ಕುಳಿತಿರುತ್ತಾನೆ. ಅವನ ಬೆನ್ನಿನ ಲೆಕ್ಕ ಇಡುವವರು ಯಾರೂ ಇಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಈ ಸೀಟಿನ ಜೀವ ಇರುವುದು ಮುಂಭಾಗದ ತೂಕದ ತಿರುಪಿನಲ್ಲಿ. ಕುಳಿತವರ ತೂಕಕ್ಕೆ ತಕ್ಕಂತೆ ಸ್ಪ್ರಿಂಗಿನ ಬಿಗಿತವನ್ನು ಇದರಿಂದ ಸುಮಾರು 50ರಿಂದ 120 ಕೆ.ಜಿ.ವರೆಗೆ ಹೊಂದಿಸಬಹುದು. ನಾನು ಭಾರದ ಆಳು, ನಮ್ಮ ಚಾಲಕ ಹಗುರ. ಅವನಿಗೆ ಹೊಂದಿಸಿದ್ದರಲ್ಲಿ ನಾನು ಕುಳಿತರೆ ಸೀಟು ಪೂರ್ತಿ ಕುಸಿದು, ಪ್ರತಿ ಬದುವಿಗೂ ತಳ ಬಡಿಯುತ್ತದೆ. ನನ್ನ ಬಿಗಿತದಲ್ಲಿ ಅವನು ಕುಳಿತರೆ ಸ್ಪ್ರಿಂಗ್ ಅಲುಗುವುದೇ ಇಲ್ಲ. ಆದ್ದರಿಂದ ಅಂಗಡಿಯಲ್ಲಿ ಮೆತ್ತೆಯನ್ನು ಒತ್ತಿ ನೋಡಿ ಕೊಳ್ಳಬೇಡಿ. ಕುಳಿತು ತಿರುಪು ಹೊಂದಿಸಿ, ಸೀಟು ಮೇಲಿನ ಮತ್ತು ಕೆಳಗಿನ ತಡೆಗಳ ನಡುಮಧ್ಯೆ ನಿಲ್ಲುತ್ತದೆಯೇ ನೋಡಿ. ತಿರುಪು ಕೈಗೆ ಸುಲಭವಾಗಿ ಸಿಗಬೇಕು. ಸ್ಪ್ಯಾನರ್ ಬೇಕಾದರೆ ಯಾರೂ ಅದರ ಗೋಜಿಗೆ ಹೋಗುವುದಿಲ್ಲ.

ಎತ್ತರದಿಂದಾಗುವ ತೊಂದರೆಯನ್ನು ಸೀಟು ಮಾರುವವರು ಹೇಳುವುದಿಲ್ಲ. ಹೊಸ ಸೀಟು ಮೇಲೇರಿದ್ದರಿಂದ ಸ್ಟೀರಿಂಗ್ ತೊಡೆಗೆ ತಾಗಿತು, ಕ್ಲಚ್ ತುಳಿಯಲು ಚಾಲಕ ಮುಂದೆ ಜಾರಿ ಕೂರಬೇಕಾಯಿತು. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕೆಳಗಿನ ಬ್ರಾಕೆಟ್ ತಗ್ಗಿಸಿದ ಮೇಲೆ ಸರಿಹೋಯಿತು. ಗಿಡ್ಡ ಬೆನ್ನೊರಗನ್ನೇ ಆರಿಸಿ, ಏಕೆಂದರೆ ರೋಟಾವೇಟರ್ ಹೊಡೆಯುವವರು ಪದೇ ಪದೇ ಹಿಂದೆ ತಿರುಗಿ ನೋಡಬೇಕು. ಎತ್ತರದ ಒರಗು ಭುಜಕ್ಕೆ ಅಡ್ಡ ಬರುತ್ತದೆ. ಆ ತಿರುಚಾಟದ ಕತ್ತುನೋವು ನಮಗೆ ಇನ್ನೂ ಹೋಗಿಲ್ಲ. ತುಂಬಿದ ಟ್ರೇಲರ್ ಹಿಂದಿನಿಂದ ದೂಡುವ ಜಗ್ಗಾಟಕ್ಕೂ ಈ ಸೀಟಿನಲ್ಲಿ ಮದ್ದಿಲ್ಲ, ಇದು ತಡೆಯುವುದು ಮೇಲೆ ಕೆಳಗಿನ ಕುಲುಕಾಟವನ್ನು ಮಾತ್ರ.

ಬಿಸಿಲಿಗೆ ಸೀಟಿನ ಚೌಕಟ್ಟಿನ ರಬ್ಬರ್ ಹೊದಿಕೆ ಸೀಳಿ ಒಳಗೆ ಮಣ್ಣು ಸೇರಿತ್ತು. ತೊಳೆದು ಗ್ರೀಸ್ ಹಚ್ಚಿದೆವು. ಡ್ಯಾಂಪರ್ ಎಣ್ಣೆ ಸೋರಿದಾಗ ಅದೊಂದನ್ನೇ ಬದಲಿಸಲು ಹುಬ್ಬಳ್ಳಿಯಿಂದ ತರಿಸಬೇಕಾಯಿತು. ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.