ಫುಲ್ ಎಚ್‌ಡಿ ಎಂದು ಕೊಟ್ಟರು, ‘ಅರ್ಥ’ವೆಲ್ಲ ‘ಅರ್ಧ’ವಾಯಿತು: ಹಳೆಯ ಮಾನಿಟರ್ ಕೊಳ್ಳುವ ಮುನ್ನ ಓದಿ

ಲ್ಯಾಪ್‌ಟಾಪಿನ ಪರದೆ ಒಡೆದಿದೆ, ಹೇಗೂ ಮನೆಯಲ್ಲೇ ಕೆಲಸ, ಹಳೆಯ ಮಾನಿಟರ್ ಒಂದನ್ನು ತಂದು ಜೋಡಿಸಿಕೊಂಡರೆ ಆಯಿತು ಎಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಓದಿ, ಆಮೇಲೆ ಅಂಗಡಿಗೆ ಹೋಗಿ. ನಿಮ್ಮ ಯೋಚನೆ ತಪ್ಪಲ್ಲ. ನಾನೂ ಹಾಗೆಯೇ ಯೋಚಿಸಿದ್ದೆ. ಆದರೆ ನನಗೆ ಮಾನಿಟರ್ ಎಂದು ಹೇಳಿ ಕೊಟ್ಟದ್ದು ಮಾನಿಟರ್ ಆಗಿರಲಿಲ್ಲ. 5,800 ರೂಪಾಯಿ ಹೋಯಿತು. ದುಡ್ಡಿಗಿಂತ ಹೆಚ್ಚಾಗಿ, ಹದಿನೈದು ವರ್ಷ ಕಾಪಾಡಿಕೊಂಡು ಬಂದ ಕೆಲಸದ ಹೆಸರಿಗೆ ಪೆಟ್ಟು ಬಿತ್ತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ತುಮಕೂರಿನಲ್ಲಿ ಮನೆಯಿಂದಲೇ ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ, ಕರಡು ತಿದ್ದುತ್ತೇನೆ. ಆರು ವರ್ಷದ ಹಳೆಯ ಲ್ಯಾಪ್‌ಟಾಪ್. ಒಂದು ಸಂಜೆ ಚಾರ್ಜರ್ ತಂತಿಗೆ ಕಾಲು ಸಿಕ್ಕಿ ಮೇಜಿನಿಂದ ಕೆಳಗೆ ಬಿತ್ತು. ಪರದೆಯ ಒಂದು ಮೂಲೆಯಲ್ಲಿ ಮಸಿ ಚೆಲ್ಲಿದ ಹಾಗೆ ಕಪ್ಪು, ಉಳಿದ ಕಡೆಯೆಲ್ಲ ಗೆರೆಗಳು. ಒಳಗಿನ ಯಂತ್ರ ಮಾತ್ರ ಓಡುತ್ತಿತ್ತು. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಕೀಲಿ ಮತ್ತು ‘ಪಿ’ಯನ್ನು ಒಟ್ಟಿಗೆ ಒತ್ತಿ ಎರಡನೆಯ ಪರದೆಗೆ ಬದಲಿಸಿದಾಗ ಎಲ್ಲ ಕಡತಗಳೂ ಕಂಡವು, ಜೀವ ಬಂದ ಹಾಗಾಯಿತು. ಸರ್ವಿಸ್ ಸೆಂಟರಿನವರು ಹೊಸ ಪರದೆಗೆ 12,500 ರೂಪಾಯಿ, ಹತ್ತು ದಿನ ಎಂದರು. ಕೈಯಲ್ಲಿ 240 ಪುಟದ ಪುಸ್ತಕವಿತ್ತು. ಹತ್ತು ದಿನ ಕಾಯುವ ಹಾಗಿರಲಿಲ್ಲ.

ಮರುದಿನವೇ ರೈಲು ಹತ್ತಿ, ಕಂಪ್ಯೂಟರ್ ಅಂಗಡಿಗಳಿಗೆ ಹೆಸರಾದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಆ ರಸ್ತೆಯಲ್ಲಿ ನ್ಯಾಯವಾಗಿ ವ್ಯಾಪಾರ ಮಾಡುವವರು ಬಹಳ ಜನ ಇದ್ದಾರೆ, ನಾನು ದೂರುತ್ತಿರುವುದು ಒಂದು ಅಂಗಡಿಯನ್ನು. ಮೊದಲು ಹೊಕ್ಕ ಅಂಗಡಿಯವರು 24 ಇಂಚಿನ ಹೊಸ ಮಾನಿಟರಿಗೆ 8,500 ಹೇಳಿದರು, ಬಿಲ್ ಸಮೇತ. ಅಲ್ಲಿಯೇ ಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಎರಡು ಮೂರು ಸಾವಿರ ಉಳಿಸುವ ಆಸೆಗೆ ಒಳಗಿನ ಗಲ್ಲಿಯ ಇನ್ನೊಂದು ಅಂಗಡಿಗೆ ನಡೆದೆ.

“ಬನ್ನಿ ಮೇಡಂ, ಕಂಪನಿಯಿಂದ ವಾಪಸ್ ಬಂದ ಮಾಲು, ಐಪಿಎಸ್, ಫುಲ್ ಎಚ್‌ಡಿ, ಒಂದು ಗೀರೂ ಇಲ್ಲ” ಎಂದರು. ಐಪಿಎಸ್ ಎಂದರೆ ಯಾವ ಕಡೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಪರದೆ. ಫುಲ್ ಎಚ್‌ಡಿ ಎಂದರೆ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್, ಅಂದರೆ ಬೆಳಕಿನ ಚುಕ್ಕೆಗಳು, ಇರಬೇಕು. ನಾನು ಕೇಳಿದ್ದು ಒಂದೇ ಪ್ರಶ್ನೆ: ಫುಲ್ ಎಚ್‌ಡಿ ತಾನೇ? ಎರಡು ಸಲ ಕೇಳಿದೆ. ನನ್ನ ಕೆಲಸ ಅಕ್ಷರದ್ದು, ಸಣ್ಣ ಅಕ್ಷರ ಸ್ಪಷ್ಟವಾಗಿ ಕಾಣಬೇಕು ಎಂದೂ ಹೇಳಿದೆ. ಅವರು ನಕ್ಕು, “ನನ್ನ ಮಾತು ಬೇಡ, ನೀವೇ ನೋಡಿ” ಎಂದು ತಮ್ಮ ಕಂಪ್ಯೂಟರಿಗೆ ಅದನ್ನು ಜೋಡಿಸಿ, ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ತೋರಿಸಿದರು. 1920 × 1080 ಎಂದು ದೊಡ್ಡದಾಗಿ ಇತ್ತು. ಆಮೇಲೆ ನವಿಲು ಗರಿ ಬಿಚ್ಚುವ ವಿಡಿಯೊ ಹಾಕಿದರು. ಬಣ್ಣ ಕಣ್ಣಿಗೆ ಹೊಡೆಯುವ ಹಾಗಿತ್ತು.

ಇಲ್ಲಿಯೇ ನಾನು ಮೋಸ ಹೋದದ್ದು. ಇಲ್ಲಿಯೇ. ನನಗೆ ಬೇಕಾದದ್ದು ಅಕ್ಷರ, ನಾನು ನೋಡಿ ಒಪ್ಪಿದ್ದು ನವಿಲು. ಒಂದು ಪುಟ ಕನ್ನಡ ತೆರೆದು ತೋರಿಸಿ ಎಂದು ಬಾಯಿಬಿಟ್ಟು ಕೇಳಲಿಲ್ಲ. ಸೆಟ್ಟಿಂಗ್ಸಿನಲ್ಲಿ 1920 ಎಂದು ಬರೆದಿರುವಾಗ ಅದು ಸುಳ್ಳಾಗಲು ಸಾಧ್ಯ ಎಂದು ನನಗೆ ಗೊತ್ತಿರಲಿಲ್ಲ.

ಬಿಲ್ ಕೇಳಿದೆ. “ಬಿಲ್ ಬೇಕೆಂದರೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ ಮೇಡಂ, ನಿಮಗೇ ನಷ್ಟ” ಎಂದರು. ಚೀಟಿಯೊಂದರಲ್ಲಿ ‘24 ಎಲ್‌ಇಡಿ – 1, 5,800’ ಎಂದು ಗೀಚಿ, ಮಾರಿದ ವಸ್ತುವನ್ನು ವಾಪಸ್ ಪಡೆಯುವುದಿಲ್ಲ ಎಂಬ ಮೊಹರು ಒತ್ತಿ ಕೊಟ್ಟರು. ನೋಡಿ, ಬಾಯಲ್ಲಿ ಹತ್ತು ಸಲ ಹೇಳಿದ ಫುಲ್ ಎಚ್‌ಡಿ ಆ ಚೀಟಿಯಲ್ಲಿ ಒಂದು ಸಲವೂ ಇಲ್ಲ. ಮಾನಿಟರ್ ಎಂಬ ಪದವೂ ಇಲ್ಲ. ಅವಸರದಲ್ಲಿ ಹಾಗಾಯಿತು ಎಂದು ಆಗ ಅಂದುಕೊಂಡೆ. ಅವಸರವಲ್ಲ ಎಂದು ಈಗ ಗೊತ್ತಾಗಿದೆ.

ಮನೆಗೆ ತಂದು ಜೋಡಿಸಿದ ಮೊದಲ ದಿನವೇ ಏನೋ ಸರಿಯಿಲ್ಲ ಎನಿಸಿತು. ಕೆಳಗಿನ ಟಾಸ್ಕ್‌ಬಾರ್ ಅರ್ಧ ಕತ್ತರಿಸಿ ಹೋಗಿತ್ತು. ಅಕ್ಷರಗಳ ಸುತ್ತ ಬಿಳಿಯ ಅಂಚು. ಒತ್ತಕ್ಷರಗಳು ಒದ್ದೆ ಕಾಗದದ ಮೇಲೆ ಬರೆದ ಹಾಗೆ ಹರಡಿಕೊಂಡಿದ್ದವು. ಫೋನ್ ಮಾಡಿದೆ.

“ಹೊಸ ಸ್ಕ್ರೀನ್ ಅಲ್ಲವೇ ಮೇಡಂ, ಕಣ್ಣಿಗೆ ಅಭ್ಯಾಸವಾಗಬೇಕು.”

ಎರಡು ದಿನ ಬಿಟ್ಟು ಮತ್ತೆ ಮಾಡಿದೆ. ಕೇಬಲ್ ಬದಲಿಸಿ ಎಂದರು. 350 ರೂಪಾಯಿ ಕೊಟ್ಟು ಹೊಸ ಕೇಬಲ್ ತಂದೆ. ಏನೂ ಬದಲಾಗಲಿಲ್ಲ. ಮೂರನೆಯ ಸಲ, “ನಿಮ್ಮ ಲ್ಯಾಪ್‌ಟಾಪ್ ಹಳೆಯದು, ಅದರ ಗ್ರಾಫಿಕ್ಸ್ ಸಾಲುವುದಿಲ್ಲ” ಎಂದರು. ಆ ಲ್ಯಾಪ್‌ಟಾಪ್ ಆರು ವರ್ಷ ತನ್ನದೇ ಪರದೆಯಲ್ಲಿ ಅದೇ 1920 × 1080 ತೋರಿಸಿದೆ! ಇದನ್ನು ಹೇಳಿದಾಗ ಬಂದ ಉತ್ತರವನ್ನು ಗಮನವಿಟ್ಟು ಓದಿ: “ಹಾಗಾದರೆ ಒಂದು ಕೆಲಸ ಮಾಡಿ ಮೇಡಂ, ಸೆಟ್ಟಿಂಗ್ಸಿನಲ್ಲಿ 1366 × 768 ಇಟ್ಟುಕೊಳ್ಳಿ, ಸ್ಪಷ್ಟವಾಗುತ್ತದೆ.”

ಸ್ಪಷ್ಟವಾಯಿತು, ನಿಜ. ಆದರೆ ಪುಟದ ಅರ್ಧವೂ ಪರದೆಯಲ್ಲಿ ಹಿಡಿಯಲಿಲ್ಲ, ಹಾಗಾಗಿ ಮತ್ತೆ 1920ಕ್ಕೆ ಬಂದೆ. ಆ ಮನುಷ್ಯ ತನ್ನ ಬಾಯಿಂದಲೇ ಸತ್ಯ ಹೇಳಿದ್ದ. ನನಗೆ ಅರ್ಥವಾಗಲಿಲ್ಲ.

ಇಷ್ಟರಲ್ಲಿ ನನ್ನ ಕಣ್ಣೇ ಕೆಟ್ಟಿರಬೇಕು ಎಂಬ ಅನುಮಾನ ಶುರುವಾಯಿತು. ಕಣ್ಣಿನ ವೈದ್ಯರ ಬಳಿಗೆ ಹೋದೆ. ಅವರು ಪರೀಕ್ಷಿಸಿ, ಕನ್ನಡಕದ ಪವರ್ ಒಂದಿಷ್ಟೂ ಬದಲಾಗಿಲ್ಲ ಎಂದರು. ಒಬ್ಬ ವ್ಯಾಪಾರಿಯ ಮಾತು ಕೇಳಿ ನನ್ನ ಕಣ್ಣನ್ನೇ ಅನುಮಾನಿಸಿದೆನಲ್ಲ, ಅದು ಇನ್ನೂ ಚುಚ್ಚುತ್ತದೆ.

ಹನ್ನೆರಡು ದಿನ ಅದರಲ್ಲೇ ಕೆಲಸ ಮಾಡಿದೆ. ಪುಸ್ತಕ ಹಳಗನ್ನಡ ಪದ್ಯಗಳ ವಿವರಣೆಯದು. ಪದ್ಯ, ಅದರ ಕೆಳಗೆ ಅರ್ಥ, ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ. ಕನ್ನಡ ಓದುವ ನಿಮಗೆ ಹೇಳಬೇಕಾಗಿಲ್ಲ: ‘ಥ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆಯೊಳಗಿನ ಒಂದು ಚುಕ್ಕೆ. ‘ದ’ಕ್ಕೂ ‘ಧ’ಕ್ಕೂ ಕೆಳಗಿನ ಒಂದು ಸೀಳು. ‘ಡ’ಕ್ಕೂ ‘ಢ’ಕ್ಕೂ ಅದೇ ಸೀಳು. ಸಣ್ಣ ಅಕ್ಷರದಲ್ಲಿ ಆ ಚುಕ್ಕೆ ಎಂದರೆ ಪರದೆಯ ಒಂದೆರಡು ಪಿಕ್ಸೆಲ್, ಅಷ್ಟೇ. ಆ ಪಿಕ್ಸೆಲ್ಲುಗಳೇ ಇಲ್ಲದ ಪರದೆಯಲ್ಲಿ ನಾನು ಕರಡು ತಿದ್ದುತ್ತಿದ್ದೆ.

ಪ್ರಕಾಶಕರಿಂದ ಫೋನ್ ಬಂತು. “ಏನಮ್ಮಾ ಇದು, ನೀನು ನೋಡಿದ ಕರಡೇ?” ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಒಂದು ಕಂತು, ಆಗಲೇ ಮುದ್ರಣವಾಗಿತ್ತು. ಅದರ 16 ಪುಟಗಳಲ್ಲಿ ಹನ್ನೊಂದು ತಪ್ಪು. ಒಂದು ಪುಟದಲ್ಲಿ ‘ಪದ್ಯದ ಅರ್ಥ’ ಇರಬೇಕಾದ ಕಡೆ ‘ಪದ್ಯದ ಅರ್ಧ’. ಇನ್ನೊಂದರಲ್ಲಿ ‘ಧನ’ ಇರಬೇಕಾದ ಕಡೆ ‘ದನ’. ಇಂಥ ತಪ್ಪು ನನ್ನ ಕೈಯಿಂದ ಹಿಂದೆ ಎಂದೂ ದಾಟಿರಲಿಲ್ಲ. ಆ ಫಾರಂ ಮತ್ತೆ ಮುದ್ರಿಸುವ ಖರ್ಚನ್ನು ನನ್ನ ಸಂಭಾವನೆಯಿಂದಲೇ ಮುರಿದುಕೊಳ್ಳಿ ಎಂದು ನಾನೇ ಹೇಳಿದೆ. ಪರದೆ ಕೆಟ್ಟದ್ದು ಎಂದು ಅವರಿಗೆ ಹೇಳಲು ನಾಲಿಗೆ ಏಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುತ್ತಾರೆ, ಅಲ್ಲವೇ.

ನೆಲ ನಿಜವಾಗಿಯೂ ಡೊಂಕಾಗಿತ್ತು.

ಭಾನುವಾರ ಅಕ್ಕನ ಮಗ ಬಂದ. ಎಂಜಿನಿಯರಿಂಗ್ ಓದುತ್ತಿದ್ದಾನೆ. ಪರದೆ ನೋಡಿದವನೇ “ಚಿಕ್ಕಮ್ಮ, ಇದು ಟಿವಿ” ಎಂದ. ನಾನು ನಂಬಲಿಲ್ಲ. ಒಂದೊಂದು ಪಿಕ್ಸೆಲ್ ಕಪ್ಪು, ಬಿಳಿ, ಕಪ್ಪು, ಬಿಳಿ ಎಂದು ಚೌಕುಳಿಯಾಗಿ ತುಂಬಿದ, 1920 × 1080 ಅಳತೆಯ ಚಿತ್ರವೊಂದನ್ನು ಪೂರ್ತಿ ಪರದೆಯಲ್ಲಿ ತೆರೆದ. ಸರಿಯಾದ ಪರದೆಯಾಗಿದ್ದರೆ ಅದು ಎಲ್ಲ ಕಡೆ ಒಂದೇ ಸಮನಾದ ಬೂದು ಬಣ್ಣವಾಗಿ ಕಾಣಬೇಕಂತೆ. ನನ್ನದರಲ್ಲಿ ಉದ್ದಕ್ಕೂ ಅಡ್ಡಕ್ಕೂ ಪಟ್ಟಿ ಪಟ್ಟಿ ಅಲೆಗಳು. ಆಮೇಲೆ ಹಿಂಭಾಗ ತಿರುಗಿಸಿದ. ‘ಎಲ್‌ಇಡಿ ಮಾನಿಟರ್’ ಎಂಬ ಹೊಳೆಯುವ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದ. ಅದರ ಕೆಳಗೆ ಇನ್ನೊಂದು ಚೀಟಿ, ಅದರಲ್ಲಿ ಟಿವಿಯ ಮಾಡೆಲ್ ಸಂಖ್ಯೆ. ಪಕ್ಕದಲ್ಲಿ ಕಪ್ಪು ಟೇಪ್ ಅಂಟಿಸಿದ್ದರು. ಕಿತ್ತರೆ ಅದರ ಹಿಂದೆ ಆಂಟೆನಾ ತಂತಿಯ ತೂತು.

ಆ ಕಪ್ಪು ಟೇಪನ್ನು ಹನ್ನೆರಡು ದಿನ ನಾನೇ ಬಟ್ಟೆಯಿಂದ ಒರೆಸಿದ್ದೆ.

ಮಾಡೆಲ್ ಸಂಖ್ಯೆ ಹಾಕಿ ತಯಾರಕರ ಪುಟದಲ್ಲಿ ನೋಡಿದೆವು: 1366 × 768, ಎಚ್‌ಡಿ ರೆಡಿ ಟಿವಿ. ಅಂದರೆ ಪರದೆಯಲ್ಲಿರುವುದು ಹತ್ತೂವರೆ ಲಕ್ಷದಷ್ಟು ಪಿಕ್ಸೆಲ್. ಫುಲ್ ಎಚ್‌ಡಿಗೆ 20.7 ಲಕ್ಷ ಬೇಕು. ಸುಮಾರು ಅರ್ಧ. ಹಾಗಾದರೆ ಸೆಟ್ಟಿಂಗ್ಸಿನಲ್ಲಿ 1920 ಎಂದು ಏಕೆ ತೋರಿಸಿತು? ಅಕ್ಕನ ಮಗ ಬಿಡಿಸಿ ಹೇಳಿದ: ಇಂಥ ಟಿವಿಗಳು ಫುಲ್ ಎಚ್‌ಡಿ ಸಂಕೇತವನ್ನು ಒಳಕ್ಕೆ ತೆಗೆದುಕೊಂಡು ತಮ್ಮ ಸಣ್ಣ ಪರದೆಗೆ ಕುಗ್ಗಿಸಿ ತೋರಿಸುತ್ತವೆ. ಕಂಪ್ಯೂಟರ್ ತಾನು ಕಳಿಸಿದ ಲೆಕ್ಕವನ್ನು ಹೇಳುತ್ತದೆ, ಪರದೆಯಲ್ಲಿ, ಅಂದರೆ ಪ್ಯಾನೆಲ್ಲಿನಲ್ಲಿ, ಎಷ್ಟು ಪಿಕ್ಸೆಲ್ ಇವೆ ಎಂಬುದನ್ನಲ್ಲ. ಹೆಚ್ಚುಕಡಿಮೆ ಏಳು ಸಾಲುಗಳನ್ನು ಐದರಲ್ಲಿ ತುರುಕಿದ ಹಾಗೆ. ಚಿತ್ರಕ್ಕೆ, ವಿಡಿಯೊಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಅಕ್ಷರದ ಚುಕ್ಕೆ ಮಾತ್ರ ಅಳಿಸಿ ಹೋಗುತ್ತದೆ. ನವಿಲನ್ನು ತೋರಿಸಿದ್ದು ಏಕೆ ಎಂದು ಆಗ ಹೊಳೆಯಿತು. 1366 ಇಟ್ಟುಕೊಳ್ಳಿ ಎಂದದ್ದು ಏಕೆ ಎಂದೂ ಹೊಳೆಯಿತು.

ಚೀಟಿ ಮತ್ತು ತೂತಿನ ಫೋಟೊಗಳನ್ನು ಅಂಗಡಿಯವರಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಸೋಮವಾರ ಆ ಡಬ್ಬವನ್ನು ಹೊತ್ತು ಮತ್ತೆ ಬೆಂಗಳೂರಿಗೆ ಹೋದೆ. ಅವರು ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

“ಫುಲ್ ಎಚ್‌ಡಿ ಸಪೋರ್ಟ್ ಮಾಡುತ್ತದೆ ಎಂದೆ ಮೇಡಂ. ಪ್ಯಾನೆಲ್ ಫುಲ್ ಎಚ್‌ಡಿ ಎಂದು ನಾನು ಎಲ್ಲಿ ಹೇಳಿದೆ?”

“ಟಿವಿ ಆದರೇನು, ಮಾನಿಟರ್ ಆದರೇನು, ಚಿತ್ರ ಬರುತ್ತದೆಯಲ್ಲ?”

“5,800 ರೂಪಾಯಿಗೆ ಇನ್ನೇನು ಸಿಗುತ್ತದೆ ಎಂದುಕೊಂಡಿದ್ದಿರಿ?”

ಸ್ಪಷ್ಟ ಅಕ್ಷರ ಬೇಕು ಎಂದು ಹೇಳಿಯೇ ಕೊಂಡಿದ್ದೆ ಎಂದೆ. “ಎಲ್ಲರೂ ಹಾಗೆಯೇ ಹೇಳುತ್ತಾರೆ” ಎಂದರು. ಕೊನೆಗೆ, ಇದನ್ನು ಇಲ್ಲಿ ಬಿಟ್ಟು ಮೇಲೆ 3,000 ಕೊಟ್ಟರೆ ‘ಒರಿಜಿನಲ್ ಫುಲ್ ಎಚ್‌ಡಿ’ ಕೊಡುವುದಾಗಿ ಹೇಳಿದರು. ಒಟ್ಟು 8,800! ಮೊದಲ ಅಂಗಡಿಯಲ್ಲಿ ಹೊಸದೇ 8,500ಕ್ಕೆ ಸಿಗುತ್ತಿತ್ತು. ಒರಿಜಿನಲ್ ಎಂಬ ಪದ ಆಗ ಮಾತ್ರ ಅವರ ಬಾಯಿಗೆ ಬಂತು. ಡಬ್ಬ ಕಟ್ಟಿಕೊಟ್ಟಿದ್ದ ಹುಡುಗ ಅಲ್ಲೇ ನಿಂತಿದ್ದ, ತಲೆ ಎತ್ತಿ ನೋಡಲಿಲ್ಲ. ಅಂಗಡಿಯ ತುಂಬ ಜನ. ಎಲ್ಲರೆದುರು ನಾನೇ ಜಗಳಗಂಟಿಯಾದೆ.

ಬರುವಾಗ ರೈಲಿನಲ್ಲಿ ಅತ್ತೆ. ಮನೆಗೆ ಬಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದೆ. ಬಿಲ್ ಇಲ್ಲವಲ್ಲ ಎಂದು ಅಳುಕಿತ್ತು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಆ ಮೊಹರು ನೋಡಿ ಹೆದರಬೇಡಿ. ನನ್ನ ಬಳಿ ಚೀಟಿ ಇದೆ, ಯುಪಿಐ ಮೂಲಕ ದುಡ್ಡು ಕೊಟ್ಟ ದಾಖಲೆ ಇದೆ, ಫೋಟೊಗಳಿವೆ. ದೂರಿಗೆ ಅವರು ಉತ್ತರಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಅದಕ್ಕೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ.

ನೀವು ಕೊಳ್ಳಲು ಹೋಗುವುದಾದರೆ ನಿಮ್ಮ ಲ್ಯಾಪ್‌ಟಾಪನ್ನೇ ಒಯ್ದು ಜೋಡಿಸಿ ನೋಡಿ. ವಿಡಿಯೊ ಹಾಕಿದರೆ ನಿಲ್ಲಿಸಲು ಹೇಳಿ, ಒತ್ತಕ್ಷರ ತುಂಬಿದ ಕನ್ನಡದ ಪುಟ ತೆರೆಯಿರಿ. ಸೆಟ್ಟಿಂಗ್ಸಿನ ಸಂಖ್ಯೆಯನ್ನು ನಂಬಬೇಡಿ, ಹಿಂಭಾಗದ ಮಾಡೆಲ್ ಸಂಖ್ಯೆಯನ್ನು ಅಲ್ಲೇ ನಿಂತು ಮೊಬೈಲಿನಲ್ಲಿ ಹುಡುಕಿ. ಚೀಟಿಯ ಮೇಲೆ ಚೀಟಿ ಇದ್ದರೆ, ಟೇಪ್ ಇದ್ದರೆ, ಹೊರಟು ಬನ್ನಿ. ಫುಲ್ ಎಚ್‌ಡಿ ಪ್ಯಾನೆಲ್ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಒಪ್ಪದವರ ಬಳಿ ಕೊಳ್ಳಬೇಡಿ. ಟೈಪ್-ಸಿ ಕಿಂಡಿಯಿಂದ ಜೋಡಿಸುವವರು, ನಿಮ್ಮ ಲ್ಯಾಪ್‌ಟಾಪಿನ ಆ ಕಿಂಡಿ ಚಿತ್ರವನ್ನು ಹೊರಗೆ ಕಳಿಸುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳಿ, ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದು ಬರೀ ಚಾರ್ಜಿಗೆ, ಕಡತ ಸಾಗಿಸಲು ಮಾತ್ರ ಇರುತ್ತದೆ.

ನಾನು ಸಾಲ ಮಾಡಿ ಇಲ್ಲಿಯೇ ತುಮಕೂರಿನಲ್ಲಿ 22 ಇಂಚಿನ ಹೊಸ ಮಾನಿಟರ್ ಕೊಂಡೆ, 7,900, ಬಿಲ್ ಸಮೇತ. ಅಂಗಡಿಯಲ್ಲೇ ಸಣ್ಣ ಅಕ್ಷರದಲ್ಲಿ ಎರಡು ಪದ ಟೈಪ್ ಮಾಡಿ ನೋಡಿದೆ: ಅರ್ಥ, ಅರ್ಧ. ಚುಕ್ಕೆ ಕಂಡಿತು. 240 ಪುಟಗಳನ್ನೂ ಮೊದಲಿನಿಂದ ಮತ್ತೆ ಓದುತ್ತಿದ್ದೇನೆ, ಇವತ್ತು 137ನೆಯ ಪುಟದಲ್ಲಿದ್ದೇನೆ. ಆ ಟಿವಿ ಡಬ್ಬದಲ್ಲಿದೆ. ಕಿತ್ತ ಟೇಪು, ಎದ್ದ ಚೀಟಿ ಹಾಗೆಯೇ ಇರಲಿ, ಆಯೋಗದವರಿಗೆ ತೋರಿಸಲು ಬೇಕು ಎಂದು ಯಾರಿಗೂ ಮುಟ್ಟಲು ಬಿಟ್ಟಿಲ್ಲ.